ಯಜಮಾನರಿಗೆ ಬಿಡಿಸಿದ ಕಣ್ಣು

೩ ಫೆಬ್ರುವರಿ ೨೦೨೫, ಸೋಮವಾರ

ಬೆಳಿಗ್ಗೆ ಐದಕ್ಕೆ ಹೊಳವನಹಳ್ಳಿ ಬಿಟ್ಟು, ಮಧುಗಿರಿ ದಾಟಿ, ಪಾವಗಡ ದಾಟಿ, ಸ್ಕೂಟರಿನಲ್ಲಿ ಕ್ಯಾತಗಾನಚೆರ್ಲುವಿಗೆ ಹೋಗಿ ಬಂದೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಕ್ಯಾಮೆರಾ ಬ್ಯಾಗು ಹೆಗಲಿಗೇರಿಸಿ ಇಷ್ಟು ದೂರ ಓಡುವ ಇನ್ನೊಬ್ಬ ಫೋಟೊಗ್ರಾಫರ್ ಈ ನಾಲ್ಕು ತಾಲ್ಲೂಕಿನಲ್ಲಿದ್ದರೆ ನನ್ನ ಹೆಸರು ಚಿಕ್ಕನರಸಯ್ಯ ಅಲ್ಲ.

ಅಲ್ಲಿ ಓಬಳಯ್ಯ ಅಂತ ಒಬ್ಬ ಮುದುಕ. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾನೆ. ಬೇಲಿಯಾಚೆ ತನ್ನ ಹೊಲ ಎಲ್ಲಿತ್ತು ಅಂತ ಕೋಲಿನಿಂದ ತೋರಿಸುತ್ತಾನೆ. ಎಂಥ ಮುಖ ಅಂತೀರಿ, ಒಣಗಿದ ಕೆರೆಯ ಅಂಗಳದ ಹಾಗೆ ಗೆರೆ ಗೆರೆ. ನಿಲ್ಲಿಸಿ ಕ್ಯಾಮೆರಾ ಎತ್ತಿದೆ. ಅಷ್ಟರಲ್ಲಿ ಕೇಳಿದ.

“ಯಾ ಊರು ಸಾಮಿ ನಿಮ್ದು?”

“ಹೊಳವನಹಳ್ಳಿ. ಕೊರಟಗೆರೆ ತಾಲ್ಲೂಕು.”

ಟವೆಲು ಮುಖದ ಮೇಲೆ ಬಂತು. “ವದ್ದು ಸಾಮಿ, ಬ್ಯಾಡ. ಮೂರು ತಿಂಗಳ ಫೋಟೊದೋನು ನೀನೇನಾ? ನಮ್ಮಳಿಯ ಏಳ್ದ. ನಾನು ಮರಿಮೊಮ್ಮಗಳ ಮದ್ವೆ ನೋಡ್ಬೇಕು, ಆಮೇಲೆ ಬಾ.”

“ಮದ್ವೆ ಯಾವಾಗ?”

“ಅದಿನ್ನಾ ಹುಟ್ಟಿಲ್ಲ ಸಾಮಿ.”

ಇದಕ್ಕೆಲ್ಲ ಕಾರಣ ಯಾರು ಅಂತ ಈ ಪುಸ್ತಕಕ್ಕೂ ಗೊತ್ತು. ಆದರೂ ಇನ್ನೊಂದು ಸಲ ಬರೆಯುತ್ತೇನೆ. ಬರೆದರೆ ಸಿಟ್ಟು ಆರದೆ ಬೆಚ್ಚಗಿರುತ್ತದೆ.

ನಮ್ಮ ಕಡೆ ವಯಸ್ಸಾದವರು ಸತ್ತ ಮೇಲೆಯೇ ಮನೆಯವರು ಅವರ ಫೋಟೊ ಹುಡುಕುವುದು. ಇರುವುದಿಲ್ಲ. ಆಗ ನನ್ನನ್ನು ಕರೆಯುತ್ತಾರೆ. ನಾನು ಹೆಣದ ಮುಖದ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬೇರೆ ಯಾರದೋ ಕಣ್ಣು ಕತ್ತರಿಸಿ ತಂದು ಮುಚ್ಚಿದ ರೆಪ್ಪೆಯ ಮೇಲೆ ಕೂರಿಸಿ, ಇಸ್ತ್ರಿ ಅಂಗಿ ತೊಡಿಸಿ, ಗೋಡೆಗೆ ಹಾಕುವ ಫೋಟೊ ಮಾಡಿಕೊಡುತ್ತೇನೆ. ಇದಕ್ಕೆ ಕಣ್ಣು ಬಿಡಿಸುವುದು ಅನ್ನುತ್ತೇವೆ. ನನ್ನಷ್ಟು ನಾಜೂಕಾಗಿ ಕಣ್ಣು ಬಿಡಿಸುವವನು ತುಮಕೂರಿನಲ್ಲೂ ಇಲ್ಲ. ಆದರೆ ಎಷ್ಟು ವರ್ಷ ಅಂತ ಸತ್ತವರಿಗೆ ಎರವಲು ಕಣ್ಣು ಕೊಡುವುದು. ಬದುಕಿರುವಾಗಲೇ ಒಬ್ಬೊಬ್ಬರದೂ ಒಂದು ಒಳ್ಳೆ ಫೋಟೊ ತೆಗೆಯೋಣ, ಪುಕ್ಕಟೆ, ಐನೂರು ಜನ ಆಗಲಿ ಅಂತ ನನ್ನ ಖುಷಿಗೆ ಶುರು ಮಾಡಿದೆ. ‘ಇದ್ದಾಗಿನ ಫೋಟೊ’ ಅಂತ ಹೆಸರಿಟ್ಟೆ. ನೂರಾ ತೊಂಬತ್ತು ಆಯಿತು.

ಆಗ, ೨೦೨೩ರ ಮಳೆಗಾಲದಲ್ಲಿ, ನಾನು ತೆಗೆದವರಲ್ಲಿ ಮೂವರು ಒಂದೇ ತಿಂಗಳಲ್ಲಿ ಹೋದರು. ಮೂವರೂ ಎಂಬತ್ತೈದು ದಾಟಿದವರು, ಹೋಗದೆ ಏನು ಮಾಡುತ್ತಾರೆ. ಕೊಬ್ಬರಿ ವ್ಯಾಪಾರದ ಕಾಡಸಿದ್ದಪ್ಪ ಬಸ್ ಸ್ಟಾಪಿನಲ್ಲಿ ನಿಂತು ಹತ್ತು ಜನ ಕೇಳುವ ಹಾಗೆ ಹೇಳಿದ: “ನರಸ ಕ್ಯಾಮೆರ ಇಟ್ನಾ, ಮೂರು ತಿಂಗ್ಳು ಕಣ್ಲಾ. ಆಮೇಲೆ ಹಾರ.”

ಅಷ್ಟೇ. ಮಾರನೇ ದಿನದಿಂದ ನನ್ನ ಸ್ಕೂಟರಿನ ಸದ್ದು ಕೇಳಿದರೆ ಜಗುಲಿಯ ಮೇಲಿನ ಮುದುಕರು ಒಳಗೆ ಓಡತೊಡಗಿದರು. ನಡೆಯಲಾರದವರೂ ಓಡಿದರು. ನೂರಾ ತೊಂಬತ್ತಕ್ಕೆ ನಿಂತದ್ದು ಮುಂದೆ ಹೋಗಿಲ್ಲ. ಆ ಮಾತು ಬಸ್ಸು ಹತ್ತಿ ಆಂಧ್ರದ ಗಡಿ ಮುಟ್ಟಿದೆ ಅಂತ ಇವತ್ತು ಗೊತ್ತಾಯಿತು.

ಕಾಡಸಿದ್ದಪ್ಪನನ್ನು ಬಿಡುವುದಿಲ್ಲ.

೯ ಫೆಬ್ರುವರಿ, ಭಾನುವಾರ

ಬಸ್ ಸ್ಟಾಪಿನಲ್ಲಿ ಸಿಕ್ಕಿದ. ಜರಿ ಅಂಚಿನ ಪಂಚೆ, ಕಂಕುಳಲ್ಲಿ ಛತ್ರಿ.

“ಏನ್ಲಾ ನರಸ, ಪಾವಗಡದ ಕಡೆ ಹೋಗಿದ್ಯಂತೆ. ನಮ್ಮೂರಲ್ಲಿ ಜನ ಮುಗುದ್ರಾ?”

“ನೀವೊಬ್ರು ಉಳ್ದಿದೀರಲ್ಲ ಯಜಮಾನ್ರೆ. ಒಂದು ತೆಗ್ದುಬುಡ್ಲಾ?”

ಬ್ಯಾಗಿನ ಜಿಪ್ಪು ಎಳೆದೆ, ಅಷ್ಟೇ. ಟಪ್ಪನೆ ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ. ಮೋಡ ಮುಚ್ಚಿದ ಬೆಳಗು, ಬಿಸಿಲೂ ಇಲ್ಲ ಮಳೆಯೂ ಇಲ್ಲ. ಛತ್ರಿಯ ಹಿಂದಿನಿಂದಲೇ ಮಾತು: “ನಿನ್ನ ಡಬ್ಬದೊಳಕ್ಕೆ ಈ ಕಾಡಸಿದ್ದಪ್ಪ ಬೀಳಲ್ಲ ಕಣ್ಲಾ. ಹುಷಾರು.” ಜನ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಸೋತ ಹಾಗೆ.

ಬೀಳುತ್ತಾನೆ. ಒಂದಲ್ಲ ಒಂದು ದಿನ ಅವನ ಮುಖ ನನ್ನ ಕ್ಯಾಮೆರಾದೊಳಗೆ ಬರುತ್ತದೆ, ಛತ್ರಿ ಇಲ್ಲದೆ ಬರುತ್ತದೆ. ಬರೆದಿಟ್ಟಿದ್ದೇನೆ.

೨೦ ಫೆಬ್ರುವರಿ, ಗುರುವಾರ

ಕಾಡಸಿದ್ದಪ್ಪ ಹೋದ. ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ಇದ್ದವನು ಹಾಗೇ ಕುಸಿದನಂತೆ. ಹನ್ನೊಂದು ಗಂಟೆಗೆ ಅವನ ಮಗ ಪ್ರಸನ್ನಕುಮಾರ್ ನನ್ನ ಬಾಗಿಲಿಗೆ ಬಂದ.

“ನರಸಣ್ಣ, ಅಪ್ಪಂದು ಒಂದೂ ಫೋಟೊ ಇಲ್ಲ.”

“ಒಂದೂನಾ?”

“ಮದ್ವೆ ಆಲ್ಬಮ್ಮು ಗೆದ್ದಲು ತಿಂತು. ಆಧಾರ್ ಕಾರ್ಡಲ್ಲಿ ಬೂದಿ ಬಳ್ದಂಗೈತೆ. ನಮ್ಮ ಫೋನಲ್ಲಿರವೆಲ್ಲ ಬೆನ್ನು.”

“ಕೇಳಿಸ್ಲಿಲ್ಲ, ಇನ್ನೊಂದು ಸಲ ಹೇಳು.”

ಹೇಳಿದ. ಮೂರನೇ ಸಲವೂ ಹೇಳಿಸಿಕೊಂಡೆ. ಹೊಸ ಬ್ಯಾಟರಿ ಹಾಕಿಕೊಂಡು, ತಲೆ ಬಾಚಿಕೊಂಡು ಹೊರಟೆ.

ಅವರ ಪದ್ಧತಿಯಂತೆ ಜಗುಲಿಯ ಮೇಲೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಸೇವಂತಿಗೆ. ನಾನು ಕ್ಯಾಮೆರಾ ಎತ್ತಿದಾಗ ಛತ್ರಿ ಇರಲಿಲ್ಲ. ಎರಡು ಸಾಕಾಗಿತ್ತು, ಹದಿನಾಲ್ಕು ತೆಗೆದೆ. ಒಂದೊಂದು ಕ್ಲಿಕ್ಕಿಗೂ ಮನಸ್ಸಿನಲ್ಲೇ ‘ಬಿದ್ದೆಯಾ’ ಅಂದೆ.

ಪಕ್ಕದಲ್ಲಿ ಅವನ ಹೆಂಡತಿ ಜಗದಾಂಬಕ್ಕ. ಅಳುತ್ತಿರಲಿಲ್ಲ, ಸೆರಗಿನ ತುದಿಯಿಂದ ಗಂಡನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. “ನರಸಣ್ಣ, ನೀನು ಕಣ್ಣು ಬಿಡಿಸ್ತೀಯಂತಲ್ಲ. ಹನ್ನೊಂದನೇ ದಿನಕ್ಕೆ ಇವರಿಗೂ ಬಿಡಿಸ್ಕೊಡಪ್ಪ” ಅಂದಳು.

“ನಂಗೆ ಬುಡಕ್ಕ” ಅಂದೆ.

೨೩ ಫೆಬ್ರುವರಿ, ಭಾನುವಾರ

ಯಾರ ಕಣ್ಣು ಹಾಕುವುದು. ಮೂರು ದಿನದಿಂದ ಇದೇ ಯೋಚನೆ, ಹಬ್ಬದ ಅಡುಗೆ ಯೋಚಿಸುವ ಹಾಗೆ ಯೋಚಿಸುತ್ತಿದ್ದೇನೆ. ಮೇಕೆಯದು ಹಾಕೋಣವೆಂದು ಒಂದು ಮೇಕೆಯನ್ನೂ ತೆಗೆದು ಬಂದೆ. ಚೆನ್ನಾಗಿಯೇ ಕೂತಿತು, ಆದರೆ ಕುರುಡನಿಗೂ ಗೊತ್ತಾಗುತ್ತದೆ. ಗೊತ್ತಾಗಬಾರದು. ಗೊತ್ತಾಗದೆ ಇದ್ದರೇ ಅದಕ್ಕೆ ರುಚಿ.

ಈ ವಿದ್ಯೆಯಲ್ಲಿ ನಾನು ಯಾರ ಕೈಗೂ ಸಿಕ್ಕಿಬಿದ್ದಿಲ್ಲ. ನಮ್ಮ ಮನೆಯ ಗೋಡೆಯ ಮೇಲಿರುವ ನನ್ನ ಹೆಂಡತಿಗೂ ನಾನೇ ಕಣ್ಣು ಬಿಡಿಸಿದ್ದು. ಸಾವಿರ ಮದುವೆ ತೆಗೆದವನಿಗೆ ಅವಳದೊಂದು ತೆಗೆಯಲು ಪುರುಸೊತ್ತಾಗಿರಲಿಲ್ಲ. ಅವಳ ತಂಗಿಯ ಕಣ್ಣು ಹಾಕಿದೆ. ಹನ್ನೊಂದು ವರ್ಷದಿಂದ ನಾದಿನಿಯೇ ನನ್ನನ್ನು ನೋಡುತ್ತಿದ್ದಾಳೆ, ಬಂದವರು ಯಾರೂ ಕಂಡುಹಿಡಿದಿಲ್ಲ. ಇರಲಿ, ಈಗ ವಿಷಯ ಅದಲ್ಲ.

ಮಧ್ಯಾಹ್ನ ಹೊಳೆಯಿತು. ನನ್ನದೇ ಕಣ್ಣು.

ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ಟೈಮರ್ ಹಾಕಿ, ಕಿಟಕಿ ಬೆಳಕಿಗೆ ಕೂತೆ. ಕ್ಯಾಮೆರಾ ಬದಲು ಅವನೇ ಕೂತಿದ್ದಾನೆ ಅಂದುಕೊಂಡು ನೋಡಿದೆ. ನನ್ನ ಎಡಗಣ್ಣಿನ ರೆಪ್ಪೆ ಒಂದು ಚೂರು ಜೋತಿದೆ, ಚಿಕ್ಕಂದಿನಲ್ಲಿ ಚಿನ್ನಿದಾಂಡಿನ ಏಟು. ಅದನ್ನು ಸರಿಮಾಡಬಹುದಿತ್ತು. ಮಾಡಲಿಲ್ಲ. ದೊಡ್ಡ ಕೆಲಸಗಾರರು ಮೂಲೆಯಲ್ಲಿ ರುಜು ಹಾಕುತ್ತಾರೆ, ಇದು ನನ್ನ ರುಜು.

ಇನ್ನು ಅವನ ಮಗ, ಸೊಸೆ, ಬೀಗರು, ಹರಸಲು ಬರುವ ಅಯ್ಯನವರು, ಎಲ್ಲರೂ ಕೈಮುಗಿಯುವುದು ನನ್ನ ಕಣ್ಣಿಗೆ. ಛತ್ರಿ ಹಿಡಿದವನು ಮೊಳೆ ತುಕ್ಕು ಹಿಡಿಯುವವರೆಗೂ ನನ್ನ ಕಣ್ಣಿನಿಂದ ನೋಡುತ್ತಾ ಇರಬೇಕು.

೨೭ ಫೆಬ್ರುವರಿ, ಗುರುವಾರ

ಶಿರಾಕ್ಕೆ ಹೋಗಿ ಮುನೀರನ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದೆ. ಮೂವತ್ತು ವರ್ಷದ ಗೆಳೆಯ, ಫ್ರೇಮ್ ಹಾಕುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದ. ನನ್ನನ್ನು ನೋಡಿದ. ಮತ್ತೆ ಪ್ರಿಂಟು ನೋಡಿದ.

“ಅರೆ ನರಸಣ್ಣ, ಈ ಆಂಖ್ ನಿಂದಲ್ವಾ?”

ನಾನು ಮೀಸೆ ತಿರುವಿದೆ. ಅವನು ನಗುತ್ತಾ ಕುರ್ಚಿಯಲ್ಲಿ ಕೂತುಬಿಟ್ಟ. ಕಣ್ಣೊರೆಸಿಕೊಂಡ. ಆಮೇಲೆ ನಗು ನಿಂತಿತು.

“ತೆಗೆದ್ಬಿಡು ಭಾಯ್. ಮಯ್ಯತ್ ಆದೋನ ಜೊತೆ ದುಶ್ಮನಿ ಯಾಕೆ?”

“ಸತ್ತಿರೋನು ಅವನು. ನನ್ನ ಸಿಟ್ಟಲ್ಲ.”

“ಅವನಿಗೆ ಹೆಂಗೆ ಗೊತ್ತಾಗ್ತದೆ ಹೇಳು? ದಿನಾ ನೋಡೋರು ಮನೇವ್ರಲ್ವಾ?”

ಅವನಿಗೆ ಫ್ರೇಮು ಗೊತ್ತು, ಹಗೆ ಗೊತ್ತಿಲ್ಲ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಚಿನ್ನದ ಬಣ್ಣದ ಫ್ರೇಮ್ ಆರಿಸಿದೆ. ನನ್ನ ಕಣ್ಣು ತಗಡಿನ ಫ್ರೇಮಿನಲ್ಲಿ ಕೂರುವುದಿಲ್ಲ.

೨ ಮಾರ್ಚ್, ಭಾನುವಾರ

ಹನ್ನೊಂದನೇ ದಿನ, ಶಿವಗಣಾರಾಧನೆ. ಫೋಟೊದ ಮೇಲಿನ ಬಿಳಿ ಬಟ್ಟೆ ಸರಿಸಿದರು. ನನ್ನ ಎಡರೆಪ್ಪೆ ಗೋಡೆಯ ಮೇಲೆ ಜೋತುಕೊಂಡು ಊರನ್ನೆಲ್ಲ ನೋಡಿತು. ಒಬ್ಬೊಬ್ಬರಾಗಿ ಬಂದು ಕೈಮುಗಿದರು. ಬಸ್ ಸ್ಟಾಪಿನಲ್ಲಿ ನಕ್ಕಿದ್ದವರು ಬಂದರು. ಪ್ರಸನ್ನಕುಮಾರ್ ಸಾಷ್ಟಾಂಗ ಬಿದ್ದ. ನಾನು ಕಂಬಕ್ಕೆ ಒರಗಿ ಎಲ್ಲರ ನಮಸ್ಕಾರವನ್ನೂ ಮನಸ್ಸಿನಲ್ಲೇ ಸ್ವೀಕರಿಸಿದೆ. ಒಬ್ಬರಿಗೂ ಅನುಮಾನವಿಲ್ಲ. “ಜೀವ ಬಂದಂಗೈತೆ” ಅಂದರು. “ಅದೇ ಗತ್ತು” ಅಂದರು. ಎರಡು ಸಲ ಪಾಯಸ ಹಾಕಿಸಿಕೊಂಡೆ.

ಕೊನೆಗೆ ಜಗದಾಂಬಕ್ಕ ಬಂದು ನಿಂತಳು. ಕತ್ತೆತ್ತಿ ನೋಡಿದಳು.

“ಇದೇನು, ಈಗ ನೆಟ್ಟಗೆ ನೋಡ್ತಾವ್ರೆ” ಅಂದಳು. “ನಲವತ್ತೊಂಬತ್ತು ವರ್ಷ ನನ್ನ ಜೊತೆ ಮಾತಾಡೋವಾಗ ಸೂರು ನೋಡೋರು.”

ಒಳಗೆ ಸೆಕೆ ಇತ್ತು. ನಾನು ಹೊರಗೆ ಬಂದುಬಿಟ್ಟೆ.

೧೦ ಮಾರ್ಚ್, ಸೋಮವಾರ

ಫ್ರೇಮಿನ ಮೊಳೆ ಗಟ್ಟಿಯಾಗಿದೆಯಾ ನೋಡಿ ಬರಲು ಹೋಗಿದ್ದೆ. ಭಾರದ ಫ್ರೇಮು, ಜವಾಬ್ದಾರಿ ನನ್ನದು. ಜಗದಾಂಬಕ್ಕ ಒಬ್ಬಳೇ ಇದ್ದಳು. ಕಾಫಿ ಕೊಟ್ಟು, ಫೋಟೊದ ಕಡೆ ತಿರುಗಿದಳು.

“ನೋಡಿ, ನರಸಣ್ಣ ಬಂದವ್ನೆ. ಅವನ ಪಾಡಿಗೆ ಅವನು ಫೋಟೊ ತೆಕ್ಕಂಡಿದ್ದ. ಅದಕ್ಕೆ ಕಲ್ಲು ಹಾಕುದ್ರಿ.”

ನನಗೆ ಹಬ್ಬ. ಕಾಲು ಚಾಚಿ ಕೂತೆ.

“ಏನು ಅಂಗೆ ಗುರಾಯಿಸ್ತೀರ? ಗುರಾಯಿಸ್ಬುಟ್ರೆ ಆಗೋಯ್ತಾ? ತಲೆ ನೆರ್ತೈತೆ, ಹಲ್ಲು ಬಿದ್ದವೆ, ಐಕ್ಳಂಗೆ ಹಗೆ ಸಾಧಿಸ್ತೀರಲ್ಲ, ನಾಚ್ಕೆ ಆಗಲ್ವಾ? ಮನೇಲಿ ಒಬ್ಬಳು ಹೆಂಗಸು ಅವಳೆ, ದಿನಾ ಈ ಕಣ್ಣ ಮುಂದೆ ಓಡಾಡ್ಬೇಕು ಅನ್ನೋ ಗ್ಯಾನ ಬ್ಯಾಡ್ವಾ?”

ಬೈಯುವಾಗ ಫೋಟೊವನ್ನೇ ನೋಡುತ್ತಿದ್ದಳು, ನನ್ನ ಕಡೆ ತಿರುಗಲೂ ಇಲ್ಲ. ಆದರೂ ಕಾಲು ಮಡಚಿಕೊಂಡೆ. ಕಾಫಿ ಅರ್ಧಕ್ಕೇ ಇಟ್ಟೆ. ಸಕ್ಕರೆ ಜಾಸ್ತಿ ಆಗಿತ್ತು.

೧೧ ಮಾರ್ಚ್, ಮಂಗಳವಾರ

ಮೊಳೆ ಗಟ್ಟಿಯಾಗಿಯೇ ಇದೆ. ಇನ್ನು ಅಲ್ಲಿಗೆ ಹೋಗುವ ಅಗತ್ಯವಿಲ್ಲ.

೧೨ ಮಾರ್ಚ್, ಬುಧವಾರ

ಹೋಗಿದ್ದೆ. ಇವತ್ತೂ ಬೈದಳು. ಅವನು ಬೈಸಿಕೊಳ್ಳುವುದನ್ನು ನೋಡಲು ಹೋಗುತ್ತೇನೆ, ಬೇರೇನಿಲ್ಲ.

೧೬ ಮಾರ್ಚ್, ಭಾನುವಾರ

“ನಂದೊಂದು ಫೋಟೊ ತೆಗ್ದಿದ್ಯಲ್ಲ, ಅದೈತಾ?” ಅಂತ ಜಗದಾಂಬಕ್ಕ ಕೇಳಿದಳು.

ಇದೆ. ನೂರಾ ಎಂಬತ್ತೇಳನೆಯದು. ಇದೇ ಜಗುಲಿಯ ಮೇಲೆ, ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ತೆಗೆದದ್ದು. ಪ್ರಿಂಟು ಕೊಟ್ಟಿದ್ದೆ. ಕಾಡಸಿದ್ದಪ್ಪ ಅದನ್ನು ತಾನೇ ತಂದು, ಮಾತಾಡದೆ ನನ್ನ ಜಗುಲಿಯ ಮೇಲಿಟ್ಟು, ಗಾಳಿಗೆ ಹಾರದಿರಲಿ ಅಂತ ಮೇಲೊಂದು ಕಲ್ಲಿಟ್ಟು ಹೋಗಿದ್ದ. ಆ ಅವಮಾನ ನಾನು ಮರೆತಿಲ್ಲ. ಅದನ್ನೂ ಹೇಳಿದೆ.

ಅವಳು ಎದ್ದು ಅಡುಗೆಮನೆಯ ಬಾಗಿಲ ಹಿಂದಕ್ಕೆ ಕರೆದಳು. ೨೦೨೩ರ ಕ್ಯಾಲೆಂಡರ್ ಇನ್ನೂ ಅಲ್ಲೇ ನೇತಾಡುತ್ತಿದೆ. ಜುಲೈ ಹಾಳೆ ತಿರುಗಿಸಿದಳು. ನಾನು ಫೋಟೊ ತೆಗೆದ ಒಂಬತ್ತನೇ ತಾರೀಖಿನಿಂದ ಒಂದೊಂದು ದಿನಕ್ಕೂ ಒಂದು ಪೆನ್ಸಿಲ್ ಗೀಟು. ಆಗಸ್ಟ್, ಸೆಪ್ಟೆಂಬರ್ ಪೂರ್ತಿ. ಅಕ್ಟೋಬರ್ ಎಂಟಕ್ಕೆ ನಿಂತಿದೆ.

“ನಂದು ತೆಗ್ದ ಮೇಲೇನೆ ಆ ಮೂರು ಜನ ಹೋದದ್ದು. ಅವತ್ತಿಂದ ಇವ್ರ ಎದೆ ಡವಡವ. ನಾನು ಕೆಮ್ಮಿದ್ರೆ ಅಂಗಡಿ ಬುಟ್ಟು ಓಡಿಬರೋರು. ಆ ಗಾಬ್ರೀಲೇ ಬಸ್ ಸ್ಟಾಪಲ್ಲಿ ಬಾಯಿಗೆ ಬಂದಂಗೆ ಅಂದಿದ್ದು. ಆಮೇಲೆ ನೀನು ಫೋಟೊ ತೆಗ್ದ ದಿನದಿಂದ ಲೆಕ್ಕ ಹಿಡ್ದು ದಿನಾ ಒಂದು ಗೀಟು. ಕೊನೆ ಗೀಟು ಎಳ್ದ ದಿನ ಮಧುಗಿರಿಯಿಂದ ಅರ್ಧ ಕೇಜಿ ಜಿಲೇಬಿ ತಂದ್ರು. ಯಾಕೆ ಅಂತ ಹೇಳ್ಲಿಲ್ಲ. ನಾನು ಕೇಳ್ಲೂ ಇಲ್ಲ.”

“ಮುಗುದ್ಮೇಲೆ ಊರೋರಿಗೆ ಒಂದ್ಮಾತು ಹೇಳ್ಬೋದಾಗಿತ್ತಲ್ಲಕ್ಕ, ನಾನು ಅಂದಿದ್ದು ಸುಳ್ಳು ಅಂತ?”

“ತಪ್ಪಾಯ್ತು ಅನ್ನೋ ಬಾಯಲ್ಲ ಕಣಪ್ಪ ಅದು. ನಿಂದಿದ್ದಂಗೆ.”

ತೊಂಬತ್ತೆರಡು ಗೀಟು. ಎಣಿಸಿದೆ. ಹೆಂಗಸರು ಸತ್ತ ಗಂಡಂದಿರನ್ನು ಒಳ್ಳೆಯವರು ಮಾಡುವುದು ಇದ್ದದ್ದೇ, ನಾನೇನೂ ಕರಗಲಿಲ್ಲ. ಪೆನ್ಸಿಲು ಮಾತ್ರ ಮಾಸಿ ಹೋಗಿತ್ತು. ಹೊಸದಾಗಿ ಎಳೆದದ್ದಲ್ಲ.

೧೮ ಮಾರ್ಚ್, ಮಂಗಳವಾರ

ಕಂಪ್ಯೂಟರಿನಲ್ಲಿ ನೂರಾ ಎಂಬತ್ತೇಳು ತೆರೆದೆ.

ನನ್ನ ಫೋಟೊಗಳಲ್ಲಿ ಮುಖದ ಹಿಂದೆ ಇರುವುದನ್ನೆಲ್ಲ ಕಪ್ಪು ಮಾಡಿಬಿಡುವುದು ನನ್ನ ಶೈಲಿ. ಮುಖ ಎದ್ದು ಬರಬೇಕು, ಮಿಕ್ಕಿದ್ದು ಯಾಕೆ. ಜಗದಾಂಬಕ್ಕನಿಗೆ ಮನೆಯೂ ಕಾಣಲಿ ಅಂತ ಇವತ್ತು ಮೊದಲ ಸಲ ಆ ಕಪ್ಪು ತೆಗೆದೆ. ಹಿಂದೆ ಬಾಗಿಲು ಕಂಡಿತು. ಇನ್ನೂ ಬೆಳಕು ಮಾಡಿದೆ.

ಬಾಗಿಲಲ್ಲಿ ಕಾಡಸಿದ್ದಪ್ಪ.

ಛತ್ರಿ ಇಲ್ಲ, ಟವೆಲಿಲ್ಲ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಕ್ಯಾಮೆರಾ ನೋಡುತ್ತಿಲ್ಲ, ನನ್ನನ್ನೂ ನೋಡುತ್ತಿಲ್ಲ. ಮುಂದೆ ಅವರೆಕಾಯಿ ಬಿಡಿಸುತ್ತಿರುವ ಹೆಂಡತಿಯನ್ನು ನೋಡುತ್ತಿದ್ದಾನೆ, ಒಲೆಯ ಮೇಲೆ ಹಾಲಿಟ್ಟವರು ಅದನ್ನೇ ನೋಡುತ್ತಾ ನಿಲ್ಲುವ ಹಾಗೆ.

ಸಿಕ್ಕಿಬಿದ್ದ. ಡಬ್ಬದೊಳಕ್ಕೆ ಬೀಳಲ್ಲ ಅಂದವನು ಅಷ್ಟು ಹೊತ್ತಿಗಾಗಲೇ ನನ್ನ ಡಬ್ಬದೊಳಗೆ ಬಿದ್ದಿದ್ದ. ಕುಣಿಯಬೇಕಿತ್ತು ನಾನು.

ಈ ಕಣ್ಣು ಇಪ್ಪತ್ತು ತಿಂಗಳಿಂದ ನನ್ನ ಹತ್ತಿರವೇ ಇತ್ತು. ನಾನೇ ಅದರ ಮೇಲೆ ಕಪ್ಪು ಬಳಿದಿದ್ದೆ. ಬಳಿದು, ಅವಳ ಗೋಡೆಗೆ ನನ್ನ ಸಿಟ್ಟಿನ ಕಣ್ಣನ್ನು ಮೊಳೆ ಹೊಡೆದು ಹಾಕಿ ಬಂದೆ.

ಊಟ ಮಾಡಲಿಲ್ಲ. ಹಸಿವಿರಲಿಲ್ಲ.

೨೩ ಮಾರ್ಚ್, ಭಾನುವಾರ

ನಿನ್ನೆ ಮುನೀರನ ಹತ್ತಿರ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅವನು ಗಾಜನ್ನು ಎರಡು ಸಲ ಒರೆಸಿದ. ಇವತ್ತು ಬೆಳಿಗ್ಗೆ ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡಿದ್ದೆ: ನೋಡಕ್ಕ, ನಿನ್ನ ಗಂಡ ನನ್ನ ಕ್ಯಾಮೆರಾಕ್ಕೆ ಬಿದ್ದ, ಗೆದ್ದವನು ನಾನು. ಬಾಗಿಲಲ್ಲಿ ಅದೆಲ್ಲ ಮರೆತು ಫ್ರೇಮನ್ನು ಅವಳ ಕೈಗೆ ಕೊಟ್ಟುಬಿಟ್ಟೆ.

ಮೊದಲು ತನ್ನನ್ನು ನೋಡಿಕೊಂಡಳು. ಆಮೇಲೆ ಬೆರಳು ಗಾಜಿನ ಮೇಲೆ ಬಾಗಿಲಿನ ಹತ್ತಿರ ಹೋಯಿತು. ನಿಂತಿತು.

“ನೋಡ್ತಿದ್ರಾ” ಅಂದಳು.

ಹಾಗೇ ಕೂತಳು. ನಾನು ಎದುರಿನ ಬಸ್ ಸ್ಟಾಪಿನ ಬಸ್ಸುಗಳನ್ನು ನೋಡುತ್ತಾ ನಿಂತಿದ್ದೆ. ಎರಡು ಬಸ್ಸು ಬಂದು ಹೋದವು. ಆಮೇಲೆ ಅವಳು ಎದ್ದು, ಸ್ಟೂಲು ಎಳೆದು, ಗೋಡೆಯ ಮೇಲಿದ್ದ ಚಿನ್ನದ ಫ್ರೇಮನ್ನು ಇಳಿಸಿ ನನ್ನ ಕೈಗಿಟ್ಟಳು.

“ಇದು ನೀನು ತಗಂಡೋಗು. ನಿಂದೇ ಅಲ್ವಾ ಕಣ್ಣು.”

“ಯಾವಾಗ ಗೊತ್ತಾಯ್ತಕ್ಕ?”

“ಬಟ್ಟೆ ಸರಿಸಿದ ದಿನಾನೆ. ಎಡರೆಪ್ಪೆ ಜೋತೈತೆ. ಚಿನ್ನಿದಾಂಡಲ್ಲಿ ಊರಿಗೇ ಫಸ್ಟು ನಾನು, ಆಗ ಬಿದ್ದ ಏಟು ಇದು ಅಂತ ಊರ ತುಂಬ ಹೇಳ್ಕಂಡು ತಿರುಗ್ತೀಯಲ್ಲ.”

“ಮತ್ತೆ ಇಷ್ಟು ದಿನ ಫೋಟೊ ಮುಂದೆ ನಿಂತ್ಕಂಡು ಬೈತಿದ್ದದ್ದು?”

“ಇನ್ಯಾರನ್ನ ಬೈಯ್ಲಿ?”

ತಪ್ಪಾಯ್ತು ಅನ್ನಬೇಕಿತ್ತೇನೋ. ಅನ್ನಲಿಲ್ಲ. ಬ್ಯಾಗಿನಿಂದ ಸುತ್ತಿಗೆ ತೆಗೆದು, ಹೊಸ ಫೋಟೊಗೆ ಮೊಳೆ ಬದಲಾಯಿಸಿ, ಮಟ್ಟ ನೋಡಿ ತೂಗುಹಾಕಿದೆ. ಇಳಿದು ಬರುವಷ್ಟರಲ್ಲಿ ಅವಳು ಹೊರಗೆ ಜಗುಲಿಯ ಮೇಲೆ, ಬಸ್ ಸ್ಟಾಪಿಗೆ ಎದುರಾಗಿ, ಸೆರಗು ಸರಿಮಾಡಿಕೊಂಡು ಕೂತಿದ್ದಳು.

“ನಂದು ಇನ್ನೊಂದು ತೆಗಿ. ಎಲ್ಲಾರ್ಗೂ ಕಾಣಂಗೆ ನಿಂತ್ಕಂಡು ತೆಗಿ. ಹಿಂದ್ಗಡೆ ಕಪ್ಪು ಬಳೀಬ್ಯಾಡ.”

ಬಸ್ಸಿಗೆ ಕಾದಿದ್ದವರೆಲ್ಲ ನೋಡಿದರು. ಜಗದಾಂಬಕ್ಕ ಅವರ ಕಡೆಗೇ ಕೂಗಿದಳು: “ನಂದು ತೆಗ್ದು ಎರಡು ವರ್ಷ ಆಗ್ತಾ ಬಂತು ಕಣ್ರಪ್ಪ. ಇಲ್ಲೇ ಕುಂತಿವ್ನಿ.” ಯಾರೋ ನಕ್ಕರು. ನಾನು ತೆಗೆದೆ. ಹಿಂದಿನ ಬಾಗಿಲು ಖಾಲಿ ಇತ್ತು, ಅದನ್ನೂ ಸೇರಿಸಿ ತೆಗೆದೆ. ಹೊರಡುವಾಗ ಅಂಗಡಿ ಚನ್ನಮಲ್ಲಯ್ಯ ಅಡ್ಡ ಬಂದು, “ನರಸಣ್ಣ, ಸುಮ್ನೆ ಕೇಳ್ದೆ, ನಮ್ಮವ್ವಂದು ತೆಗ್ಯಕ್ಕೆ ಯಾವ ಹೊತ್ತು ಬೆಳಕು ಚೆಂದ?” ಅಂದ. “ನನ್ನ ಕೈಲಿ ಯಾವ ಹೊತ್ತಾದ್ರೂ ಚೆಂದ” ಅಂದೆ.

ಸೇಡು ತೀರಿತು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಯಾರಿಗೂ ಮುಖ ಕೊಡದ ಕಾಡಸಿದ್ದಪ್ಪನನ್ನು ಅವನ ಮನೆಯ ಗೋಡೆಗೇ ಮೊಳೆ ಹೊಡೆದು ತೂಗುಹಾಕಿ ಬಂದಿದ್ದೇನೆ, ಹೆಂಡತಿಯನ್ನು ನೋಡುತ್ತಾ ಇರುವ ಹಾಗೆ. ಇನ್ನು ಸೂರು ನೋಡಲಿ ನೋಡೋಣ.

ಚಿನ್ನದ ಫ್ರೇಮನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಸದ್ಯಕ್ಕೆ ಟ್ರಂಕಿನ ಮೇಲೆ, ನನ್ನ ಹೆಂಡತಿಯ ಫೋಟೊಗೆ ಎದುರಾಗಿ ಒರಗಿಸಿದ್ದೇನೆ. ಇಲ್ಲಿ ಮೂತಿ ಅವನದು, ಕಣ್ಣು ನನ್ನದು. ಅಲ್ಲಿ ಮುಖ ಅವಳದು, ಕಣ್ಣು ತಂಗಿಯದು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದಾರೆ, ಪರಿಚಯವಿಲ್ಲದವರ ಹಾಗೆ.

ನಾಳೆ ಅಟ್ಟದಿಂದ ಹಳೇ ನೆಗೆಟಿವ್ ಡಬ್ಬಗಳನ್ನು ಇಳಿಸಬೇಕು. ಎಷ್ಟೋ ಮದುವೆಗಳಿಗೆ ಅವಳು ನನ್ನ ಜೊತೆ ಬಂದಿದ್ದಳು. ಸಾವಿರ ಮದುವೆಯಲ್ಲಿ ಎಲ್ಲೋ ಒಂದು ಕಡೆ, ಯಾರದೋ ಹಿಂದೆ, ನಾನು ಕಪ್ಪು ಬಳಿದ ಜಾಗದಲ್ಲಿ, ಅವಳು ನಿಂತಿರಲೇಬೇಕು.